ಗ್ರಾಮ ಸಭೆಯಲ್ಲಿ ಎಲ್ಲರೂ ‘ಆಯ್ತು’ ಅಂದರು, ನೀರಿನ ಟಾಕಿ ಮಾತ್ರ ಬೇರೆ ಓಣಿಗೆ ಹೋಯಿತು. ಈಗೇನು ಮಾಡಬೇಕು?

ಪ್ರಶ್ನೆ

ನಮ್ಮದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಓಣಿ ಊರ ಕೊನೆಗೆ, ದಿನ್ನೆಯ ಮೇಲಿದೆ. ಸುಮಾರು 60 ಮನೆ. ನಲ್ಲಿ ಹಾಕಿದ್ದಾರೆ, ಆದರೆ ಬೇಸಿಗೆಯಲ್ಲಿ ನೀರು ಮೇಲೆ ಏರುವುದಿಲ್ಲ. ಕೊಡ ಹೊತ್ತು ಅಗಸಿಯ (ಊರ ಬಾಗಿಲಿನ) ತನಕ ಹೋಗಬೇಕು. ಹೋದ ವರ್ಷ ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮ ಸಭೆಯಲ್ಲಿ ನಮ್ಮ ಸಂಘದ ಹೆಣ್ಣುಮಕ್ಕಳು ಎದ್ದು ನಿಂತು ‘ನಮ್ಮ ಓಣಿಗೆ ಒಂದು ಬೋರು, ಒಂದು ನೀರಿನ ಟಾಕಿ ಕೊಡ್ರಿ’ ಎಂದು ಕೇಳಿದೆವು. ಅಧ್ಯಕ್ಷರು, ಮೆಂಬರ್, ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎಲ್ಲರೂ ‘ಆಯ್ತು’ ಅಂದರು. ಚಪ್ಪಾಳೆ ಕೂಡ ಬಿತ್ತು. ಈಗ ಟಾಕಿ ಇನ್ನೊಂದು ಓಣಿಗೆ ಮಂಜೂರಾಗಿದೆಯಂತೆ. ಕೇಳಿದರೆ ‘ಪಂಚಾಯಿತಿ ಸಾಮಾನ್ಯ ಸಭೆಯಾಗ ಠರಾವು (ನಿರ್ಣಯ) ಆಗ್ಯದ, ಈಗೇನೂ ಮಾಡಕ್ಕ ಬರಲ್ಲ’ ಅನ್ನುತ್ತಾರೆ. ಗ್ರಾಮ ಸಭೆ ಶುರುವಾಗುವ ಮೊದಲೇ ರಿಜಿಸ್ಟರಿನಲ್ಲಿ ನಮ್ಮ ಸಹಿ ತಗೊಂಡಿದ್ದರು. ಕೆಲವರು ಖಾಲಿ ಹಾಳೆಯಲ್ಲೂ ಸಹಿ ಮಾಡಿದ್ದಾರೆ. ಅದು ನಮ್ಮ ಒಪ್ಪಿಗೆ ಅಂತ ಆಗುತ್ತದಾ? ಗ್ರಾಮ ಸಭೆಗೆ ಬೆಲೆಯೇ ಇಲ್ಲವಾ? ಓಣಿಯ ಹುಡುಗರು ಪಂಚಾಯಿತಿಗೆ ಬೀಗ ಹಾಕೋಣ ಅನ್ನುತ್ತಾರೆ. ನಮ್ಮ ಮನೆಯವರು ‘ನಾಳೆ ಇದೇ ಊರಾಗ ಇರಬೇಕು, ಸುಮ್ನೆ ಬಿಡು’ ಅನ್ನುತ್ತಾರೆ. ದಾರಿ ತಿಳಿಸಿ. ಹೆಸರು, ಊರು ಹಾಕಬೇಡಿ.

ಉತ್ತರ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟಾಕಿ ಕೈ ತಪ್ಪಿದ ಬೇಸರ ಒಂದು. ಅದಕ್ಕಿಂತ ಜಾಸ್ತಿ ನೋವು ‘ನಾಲ್ಕು ಮಂದಿ ಮುಂದೆ ಧೈರ್ಯ ಮಾಡಿ ಎದ್ದು ನಿಂತೆವು, ಆ ಮಾತಿಗೆ ಬೆಲೆ ಬರಲಿಲ್ಲ’ ಅನ್ನೋದು, ಅಲ್ವಾ? ನಾನು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮೊದಲು ಪಂಚಾಯಿತಿ ಕಾರ್ಯದರ್ಶಿಯಾಗಿ, ಆಮೇಲೆ ಪಿಡಿಓ ಆಗಿ ಬಹಳ ವರ್ಷ ಕೆಲಸ ಮಾಡಿದವನು. ಎಷ್ಟೋ ಸಭೆಗಳ ನಡಾವಳಿ, ಅಂದರೆ ಸಭೆಯಲ್ಲಿ ಆದದ್ದರ ಬರಹ, ನನ್ನ ಕೈಯಿಂದಲೇ ಬರೆದಿದ್ದೇನೆ. ಮೇಜಿನ ಆ ಕಡೆ ಏನು ನಡೆಯುತ್ತದೆ ಅನ್ನೋದು ಗೊತ್ತಿರುವುದರಿಂದ ನೇರವಾಗಿ ಹೇಳುತ್ತೇನೆ.

ಸಭೆಯಲ್ಲಿ ಆಡಿದ ಮಾತು ಬೇರೆ, ನಡಾವಳಿ ಪುಸ್ತಕದಲ್ಲಿ ಬರೆದ ಮಾತು ಬೇರೆ. ಚಪ್ಪಾಳೆ ಫೈಲಿಗೆ ಹೋಗುವುದಿಲ್ಲ. ಅಧ್ಯಕ್ಷರು ‘ಆಯ್ತವ್ವ’ ಅಂದದ್ದೂ ಹೋಗುವುದಿಲ್ಲ. ತಾಲ್ಲೂಕಿಗೆ, ಜಿಲ್ಲೆಗೆ ಹೋಗುವುದು ಪುಸ್ತಕದಲ್ಲಿದ್ದದ್ದು ಮಾತ್ರ. ನೀವು ಕೇಳಿದ ಟಾಕಿ ಆ ಪುಸ್ತಕದಲ್ಲಿ ಇದೆಯಾ? ಇದ್ದರೆ ಯಾವ ಶಬ್ದಗಳಲ್ಲಿ ಇದೆ? ಇದನ್ನು ನೀವು ಇನ್ನೂ ನೋಡಿಲ್ಲ ಅಂತ ನಿಮ್ಮ ಪತ್ರದಿಂದ ಅನಿಸುತ್ತದೆ. ನಿಮ್ಮ ಮುಂದಿನ ದಾರಿ ಅದರ ಮೇಲೆಯೇ ನಿಂತಿದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಆಗ ಬೇರೊಂದು ತಾಲ್ಲೂಕಿನಲ್ಲಿದ್ದೆ. ಜನವರಿ ತಿಂಗಳು, ತೊಗರಿ ರಾಶಿಯ ಹೊತ್ತು. ಗ್ರಾಮ ಸಭೆಗೆ ಡಂಗುರ ಹೊಡೆಸಿದ್ದೆವು, ಆದರೆ ಹನ್ನೊಂದು ಗಂಟೆಗೆ ಶಾಲೆಯ ಅಂಗಳದಲ್ಲಿ ಇಪ್ಪತ್ತು ಮಂದಿ ಇರಲಿಲ್ಲ. ಕಾದು ಕಾದು ಒಂದು ಗಂಟೆಗೆ ಕೋರಂ (ಸಭೆ ನಡೆಸಲು ಬೇಕಾದಷ್ಟು ಜನ) ಆಯಿತು. ಎಲ್ಲರಿಗೂ ಹೊಲಕ್ಕೆ ಓಡುವ ಅವಸರ. ತಾಂಡಾದಿಂದ ಬಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಎದ್ದು ನಿಂತು, ಶಾಲೆಯ ಹಿಂದಿನ ಬೋರಿಗೆ ಕೈಪಂಪು ತೆಗೆದು ಮೋಟರ್ ಕೂರಿಸಿ ಅಂತ ಬಹಳ ಸ್ಪಷ್ಟವಾಗಿ ಹೇಳಿದರು. ನಾನು ಒಂದು ಚೀಟಿಯಲ್ಲಿ ‘ತಾಂಡಾ, ನೀರು’ ಅಂತ ಗುರುತು ಹಾಕಿಕೊಂಡೆ. ನಡಾವಳಿ ಬರೆದದ್ದು ಎರಡು ದಿನ ಬಿಟ್ಟು, ರಾತ್ರಿ ಮನೆಯಲ್ಲಿ ಕೂತು.

ವಾರದ ಮೇಲೆ ಆ ತಾಯಿ ಕಚೇರಿಗೆ ಬಂದರು. ‘ಸಾಹೇಬ್ರ, ನಾ ಹೇಳಿದ್ದು ಬರ್ದೀರಿ? ಓದ್ರಿ’ ಅಂದರು. ಪುಸ್ತಕ ತೆಗೆದು ಓದಿದೆ. ‘ತಾಂಡಾದ ಕುಡಿಯುವ ನೀರಿನ ಸಮಸ್ಯೆಯ ಕುರಿತು ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲು ಸಭೆಯು ಒಪ್ಪಿತು.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದ್ರಾಗ ನನ್ನ ಬೋರು ಎಲ್ಲದ ಸಾಹೇಬ್ರ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಯಾರ ಮಾತು ಕೇಳಿಯೂ ಹಾಗೆ ಬರೆದಿರಲಿಲ್ಲ. ದಣಿದಿದ್ದೆ, ರೂಢಿಯ ಸಾಲು ಬರೆದುಬಿಟ್ಟೆ. ಆದರೆ ಆ ಸಾಲು ಇಟ್ಟುಕೊಂಡು ಯಾವ ಇಂಜಿನಿಯರೂ ಎಸ್ಟಿಮೇಟ್ ಮಾಡಲಾರ. ಆ ವರ್ಷದ ಕ್ರಿಯಾ ಯೋಜನೆಯಲ್ಲಿ (ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ) ಅವರ ಬೋರು ಬರಲಿಲ್ಲ. ಒಂದು ಬೇಸಿಗೆ ಪೂರ್ತಿ ಅವರು ನೀರು ಹೊತ್ತರು. ಅಲ್ಲಿಂದ ಮುಂದೆ ಸಭೆಯಲ್ಲೇ ಬರೆದು, ಮುಗಿಯುವ ಮೊದಲು ಓದಿ ಹೇಳುವುದನ್ನು ನಾನು ಬಿಡಲಿಲ್ಲ.

ಈಗ ನಿಮ್ಮ ಊರಿನ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ಮೂರು ಸಭೆಗಳ ಹೆಸರು ಬರುತ್ತದೆ. ಜನ ಮೂರನ್ನೂ ‘ಮೀಟಿಂಗ್’ ಅಂತ ಒಂದೇ ಮಾಡುತ್ತಾರೆ. ಗೊಂದಲ ಅಲ್ಲಿಂದಲೇ ಶುರು.

ವಾರ್ಡ್ ಸಭೆ ಅಂದರೆ ನಿಮ್ಮ ವಾರ್ಡಿನ ಮತದಾರರೆಲ್ಲ ಸೇರುವ ಸಭೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಇದಕ್ಕೆ ಕೊಟ್ಟ ಕೆಲಸಗಳಲ್ಲಿ ಒಂದು ನಿಮ್ಮ ವಿಷಯವೇ. ಬೀದಿ ದೀಪ, ಬೀದಿ ನಲ್ಲಿ, ಸಾರ್ವಜನಿಕ ಬಾವಿ, ಶೌಚಾಲಯ ಇಂಥವು ಎಲ್ಲಿ ಆಗಬೇಕು ಅನ್ನುವ ಜಾಗ ಸೂಚಿಸುವುದು. ಅಂದರೆ ‘ಟಾಕಿ ಎಲ್ಲಿ ಬೇಕು ಅನ್ನೋದನ್ನ ನಾವು ನೋಡ್ತೀವಿ, ನಿಮಗ್ಯಾಕೆ’ ಅಂತ ಯಾರಾದರೂ ಅಂದರೆ ಅದು ಸರಿಯಲ್ಲ. ಜಾಗ ಹೇಳುವುದು ನಿಮ್ಮ ಕೆಲಸವೇ.

ಗ್ರಾಮ ಸಭೆ ಪಂಚಾಯಿತಿ ವ್ಯಾಪ್ತಿಯ ಎಲ್ಲ ಮತದಾರರ ಸಭೆ. ಒಂದು ಸಭೆಯಿಂದ ಇನ್ನೊಂದಕ್ಕೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು. ಕೋರಂಗೆ ಒಟ್ಟು ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು, ಇಲ್ಲವೇ 100 ಮಂದಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಬಂದವರಲ್ಲಿ ಹೆಣ್ಣುಮಕ್ಕಳು ನೂರಕ್ಕೆ 30ರಷ್ಟಾದರೂ ಇರಬೇಕು ಅನ್ನುವುದೂ ಕಾನೂನಿನ ಆಶಯ. ವಾರ್ಡುಗಳಿಂದ ಬಂದ ಬೇಡಿಕೆಗಳನ್ನು ಒಟ್ಟು ಮಾಡಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಇಲ್ಲಿ ಗೊತ್ತು ಮಾಡುತ್ತಾರೆ. ಮನೆ ಯೋಜನೆಗಳ ಫಲಾನುಭವಿಗಳ ಆಯ್ಕೆಯೂ ಇಲ್ಲಿಯೇ.

ಮೂರನೆಯದು ಸಾಮಾನ್ಯ ಸಭೆ. ಇದು ಚುನಾಯಿತ ಸದಸ್ಯರ ಸಭೆ. ಇಲ್ಲಿ ಮತ ಹಾಕುವವರು ಸದಸ್ಯರು ಮಾತ್ರ. ಸದಸ್ಯೆಯ ಬದಲು ಅವರ ಗಂಡ ಬಂದು ಕೂರುವುದನ್ನು ನಮ್ಮ ಕಡೆ ಬಹಳ ನೋಡಿದ್ದೇನೆ, ಅವರಿಗೆ ಅಲ್ಲಿ ಯಾವ ಅಧಿಕಾರವೂ ಇಲ್ಲ. ಠರಾವು, ಖರ್ಚಿನ ಮಂಜೂರಾತಿ ಎಲ್ಲ ಈ ಸಭೆಯಲ್ಲಿ ಆಗುತ್ತದೆ.

ಹಾಗಾದರೆ ಗ್ರಾಮ ಸಭೆ ಒಪ್ಪಿದ್ದನ್ನು ಸಾಮಾನ್ಯ ಸಭೆ ಬದಲಿಸಬಹುದಾ? ಇಲ್ಲಿ ಎರಡು ತಪ್ಪು ತಿಳಿವಳಿಕೆ ಓಡಾಡುತ್ತವೆ. ಒಂದು, ‘ಗ್ರಾಮ ಸಭೆ ಹೇಳಿದ ಮೇಲೆ ಮುಗೀತು, ಯಾರೂ ಮುಟ್ಟಂಗಿಲ್ಲ’ ಅನ್ನೋದು. ಇನ್ನೊಂದು, ‘ಗ್ರಾಮ ಸಭೆ ಸುಮ್ನೆ ಶಾಸ್ತ್ರಕ್ಕೆ, ಮೆಂಬರುಗಳು ಮಾಡಿದ್ದೇ ಸೈ’ ಅನ್ನೋದು. ಎರಡೂ ನಿಜವಲ್ಲ. ಗ್ರಾಮ ಸಭೆಯ ಶಿಫಾರಸನ್ನು ಪಂಚಾಯಿತಿ ಪರಿಗಣಿಸಲೇಬೇಕು. ಬದಲಿಸಿದರೆ ಅದಕ್ಕೊಂದು ಕಾರಣ ಇರಬೇಕು. ಆ ಕಾರಣವನ್ನು ಕೇಳುವ ಹಕ್ಕು, ಹಿಂದಿನ ತೀರ್ಮಾನದ ಮೇಲೆ ಏನು ಕ್ರಮ ಆಯಿತು ಅಂತ ತಿಳಿಯುವ ಹಕ್ಕು ನಿಮಗಿದೆ. ಇವತ್ತು ನೀವು ಊರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಯಾಕೆ ಮೋಸ ಮಾಡಿದಿರಿ’ ಅಂತಲ್ಲ. ‘ಯಾವ ಕಾರಣಕ್ಕೆ ಜಾಗ ಬದಲಾಯಿತು, ಆ ಕಾರಣ ಎಲ್ಲಿ ಬರೆದಿದೆ, ತೋರಿಸ್ರಿ’ ಅಂತ.

ಇದನ್ನು ಸೌಮ್ಯವಾಗಿ ಕೇಳಿ ಅಂತ ಹೇಳುವುದಕ್ಕೆ ಕಾರಣ ಇದೆ. ಜಾಗ ಬದಲಾಗಲು ನಿಜವಾದ ತೊಂದರೆಗಳೂ ಇರುತ್ತವೆ. ಸೇಡಂ, ಚಿತ್ತಾಪುರ ಕಡೆಯ ನೆಲ ನಿಮಗೆ ಗೊತ್ತೇ ಇದೆ. ಕೆಳಗೆ ಪರ್ಸಿ ಕಲ್ಲಿನ ಪದರ. ಒಂದು ಬೋರಿಗೆ ನೀರು ಬಂದರೆ ನೂರು ಮಾರು ಆಚೆ ಧೂಳು ಹಾರುತ್ತದೆ. ಭೂವಿಜ್ಞಾನಿ ಬಂದು ಪಾಯಿಂಟ್ ನೋಡಿ ‘ಇಲ್ಲಿ ಬೇಡ’ ಅಂದಿರಬಹುದು. ನೀರು ಸಿಕ್ಕರೂ ಅದು ಕುಡಿಯಲು ಬರದೆ ಇರಬಹುದು. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇದ್ದರೆ ಆ ನೀರು ಮಕ್ಕಳ ಹಲ್ಲು, ದೊಡ್ಡವರ ಮೂಳೆ ಎರಡನ್ನೂ ಹಾಳು ಮಾಡುತ್ತದೆ. ಅಂಥ ಬೋರನ್ನು ಯಾವ ಅಧಿಕಾರಿಯೂ ಒಪ್ಪಬಾರದು. ಇನ್ನು ಜಾಗದ ಮಾಲೀಕತ್ವ. ನೀವು ತೋರಿಸಿದ ಜಾಗ ಖಾಸಗಿಯವರದಾಗಿದ್ದು, ಅವರು ಬಾಯಲ್ಲಿ ‘ಕೊಡ್ತೀನಿ’ ಅಂದು ದಾನಪತ್ರ ಮಾಡಿಕೊಡದಿದ್ದರೆ ಅಲ್ಲಿ ಸರ್ಕಾರದ ದುಡ್ಡು ಹಾಕಲು ಬರುವುದಿಲ್ಲ. ಕರೆಂಟ್ ಕಂಬ ದೂರ ಇದ್ದರೂ ಕೆಲಸ ನಿಲ್ಲುತ್ತದೆ.

ಆದರೆ ಒಂದು ಗಮನಿಸಿ. ಇವೆಲ್ಲ ಕಾಗದದ ಮೇಲೆ ಇರುವ ಕಾರಣಗಳು. ವರದಿ ಇರುತ್ತದೆ, ಇಂಜಿನಿಯರ್ ಸಹಿ ಇರುತ್ತದೆ. ಯಾವ ಕಾಗದವೂ ಇಲ್ಲದೆ ಜಾಗ ಮಾತ್ರ ಬದಲಾಗಿದ್ದರೆ, ಅಲ್ಲಿ ಯಾರೋ ಜೋರಿನವರು ಎಳೆದುಕೊಂಡಿದ್ದಾರೆ ಅಂತ ಅನುಮಾನ ಪಡಲು ಕಾರಣ ಇದೆ. ಕಾಗದ ನೋಡುವ ಮೊದಲು ಯಾರ ಹೆಸರನ್ನೂ ಎತ್ತಬೇಡಿ. ನಿಮ್ಮ ಮೆಂಬರ್ ಸಾಮಾನ್ಯ ಸಭೆಯಲ್ಲಿ ನಿಮ್ಮ ಪರವಾಗಿ ಜಗಳ ಆಡಿ ಸೋತಿರಲೂಬಹುದು. ಅಂಥವರು ನಾಳೆ ನಿಮಗೆ ಬೇಕು.

‘ದುಡ್ಡಿಲ್ಲ’ ಅನ್ನುವ ಉತ್ತರ ಬಂದರೆ ಅದನ್ನು ಹಾಗೇ ನಂಬಬೇಡಿ. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಹಣ ಎಷ್ಟು ಬಂತು, ಯಾವ ಓಣಿಗೆ ಎಷ್ಟು ಖರ್ಚಾಯಿತು ಅಂತ ಲೆಕ್ಕ ಕೇಳಿ. ಗ್ರಾಮ ಸಭೆಯ ಮುಂದೆ ವರ್ಷದ ಜಮಾ ಖರ್ಚು, ಆಡಿಟ್ ಟಿಪ್ಪಣಿ ಇಡಬೇಕಾದ್ದು ಪಂಚಾಯಿತಿಯ ಜವಾಬ್ದಾರಿ.

ಸಹಿಯ ಬಗ್ಗೆ ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರೆ ‘ಬಂದಿದ್ದೆ’ ಅಂತ ಅರ್ಥ, ‘ಒಪ್ಪಿದೆ’ ಅಂತಲ್ಲ. ಹಾಜರಿ ತೆಗೆದುಕೊಳ್ಳುವುದರಲ್ಲಿ ತಪ್ಪೂ ಇಲ್ಲ, ಕೋರಂ ಲೆಕ್ಕಕ್ಕೆ ಅದು ಬೇಕು. ತೊಂದರೆ ಇರುವುದು ಖಾಲಿ ಹಾಳೆಯಲ್ಲಿ. ಮೇಲೆ ಜಾಗ ಬಿಟ್ಟು ಕೆಳಗೆ ಸಹಿ ತೆಗೆದುಕೊಂಡರೆ, ಆಮೇಲೆ ಮೇಲ್ಗಡೆ ಏನು ಬೇಕಾದರೂ ಬರೆಯಬಹುದು. ನಿಮ್ಮ ವಿಷಯದಲ್ಲಿ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇನ್ನು ಮುಂದೆ ಸಹಿ ಹಾಕುವ ಪುಟದ ತಲೆಯ ಮೇಲೆ ‘ಹಾಜರಿ’ ಅಂತ, ತಾರೀಖು ಸಮೇತ ಬರೆದಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ನಿಮ್ಮ ಸಹಿಯ ಪಕ್ಕ ನೀವೇ ‘ಹಾಜರಿ ಮಾತ್ರ’ ಅಂತ ಎರಡು ಶಬ್ದ ಬರೆಯಿರಿ. ಹೆಬ್ಬೆಟ್ಟು ಒತ್ತುವ ಹಿರಿಯರ ಪಕ್ಕದಲ್ಲಿ ಸಂಘದ ಓದಿದ ಹುಡುಗಿ ಒಬ್ಬಳು ನಿಂತಿರಲಿ. ಆ ಪುಟದ ಫೋಟೊ ಫೋನಿನಲ್ಲಿ ತೆಗೆದುಕೊಳ್ಳಿ.

ಮುಂದಿನ ದಾರಿ. ಹುಡುಗರ ಬೀಗದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ನಾಳೆಯೇ ಆಗಿಬಿಡಬಹುದು. ದಯವಿಟ್ಟು ತಡೆಯಿರಿ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಕಚೇರಿಗೆ ಬೀಗ ಹಾಕಿದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಕೇಸ್ ಆಗಬಹುದು. ನೌಕರಿ ಹುಡುಕುವ ವಯಸ್ಸಿನ ಹುಡುಗನ ಮೇಲೆ ಒಂದು ಎಫ್‌ಐಆರ್ ಬಿದ್ದರೆ ಪೊಲೀಸ್ ವೆರಿಫಿಕೇಶನ್ನಿನಲ್ಲಿ ಅದು ವರ್ಷಗಟ್ಟಲೆ ಕಾಡುತ್ತದೆ. ಅಷ್ಟೇ ಅಲ್ಲ, ಬೀಗ ಬಿದ್ದ ದಿನದಿಂದ ಮಾತು ಟಾಕಿಯ ಬಗ್ಗೆ ಇರುವುದಿಲ್ಲ, ಬೀಗದ ಬಗ್ಗೆ ಇರುತ್ತದೆ.

ಮೊದಲ ಕೆಲಸ, ಮೂರು ಕಾಗದ ತರಿಸಿ. ವಾರ್ಡ್ ಸಭೆಯ ನಡಾವಳಿ, ಗ್ರಾಮ ಸಭೆಯ ನಡಾವಳಿ, ಜಾಗ ಬದಲಾದ ಸಾಮಾನ್ಯ ಸಭೆಯ ಠರಾವು. ಮೊದಲು ಒಂದು ಸಾದಾ ಅರ್ಜಿ ಕೊಟ್ಟು ನಕಲು ಕೇಳಿ. ಎಷ್ಟೋ ಪಿಡಿಓಗಳು ಹಾಗೇ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅರ್ಜಿ ಶುಲ್ಕ ಇಲ್ಲ, ಕಾರ್ಡಿನ ಜೆರಾಕ್ಸ್ ಹಚ್ಚಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗೆ. ಕಥೆ ಬರೆಯಬೇಡಿ, ಮೂರು ಕಾಗದದ ಹೆಸರು, ಸಭೆಯ ತಾರೀಖು ಬರೆದರೆ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಇದರ ಕಷ್ಟ ಅಂದರೆ ಸಮಯ. ನೀವು ಕಾಗದ ಕಾಯುತ್ತ ಕೂತಾಗ ಅತ್ತ ಕೆಲಸ ಶುರುವಾಗಿಬಿಡಬಹುದು.

ಅದಕ್ಕೇ ಎರಡನೆಯದನ್ನು ಅದರ ಜೊತೆಗೇ ಮಾಡಿ. ‘ಮಂಜೂರಾಗಿದೆ’ ಅಂತ ನೀವು ಬರೆದಿದ್ದೀರಿ. ಮಂಜೂರಾತಿಯಲ್ಲಿ ಹಂತಗಳಿವೆ. ಕ್ರಿಯಾ ಯೋಜನೆಯಲ್ಲಿ ಸೇರುವುದು, ಎಸ್ಟಿಮೇಟ್, ಅದಕ್ಕೆ ತಾಂತ್ರಿಕ ಒಪ್ಪಿಗೆ, ಆಮೇಲೆ ಟೆಂಡರ್ ಅಥವಾ ಕಾರ್ಯಾದೇಶ (ಕೆಲಸ ಶುರು ಮಾಡಿ ಅನ್ನುವ ಆದೇಶ). ಕಾರ್ಯಾದೇಶ ಕೊಡುವ ಮೊದಲು ಜಾಗ ಬದಲಿಸುವುದು ಕಷ್ಟವಾದರೂ ಆಗುವ ಮಾತು. ಗುತ್ತಿಗೆದಾರ ಗುಂಡಿ ತೋಡಿದ ಮೇಲೆ ಬಹುತೇಕ ಆಗುವುದಿಲ್ಲ. ಕೆಲಸ ಈಗ ಯಾವ ಹಂತದಲ್ಲಿದೆ ಅಂತ ಇವತ್ತೇ ಪಿಡಿಓ ಅವರನ್ನೋ ಜೆಇ (ಕಿರಿಯ ಇಂಜಿನಿಯರ್) ಅವರನ್ನೋ ಕೇಳಿ. ಮತ್ತು ಅಧ್ಯಕ್ಷರಿಗೆ, ಪಿಡಿಓಗೆ ಒಂದೇ ಅರ್ಜಿ ಬರೆದು, ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ ಅಂತ ಕೇಳಿ. ಸಭೆಯ ನೋಟಿಸ್ ಸದಸ್ಯರಿಗೆ ಹೋಗುವ ಮೊದಲೇ ಅರ್ಜಿ ಮುಟ್ಟಬೇಕು. ಸಭೆಯ ದಿನ ಬೆಳಿಗ್ಗೆ ಕೊಟ್ಟರೆ ಅದು ಮುಂದಿನ ಸಭೆಗೆ ಹೋಗುತ್ತದೆ.

‘ಠರಾವು ಆದ ಮೇಲೆ ಏನೂ ಮಾಡಕ್ಕ ಬರಲ್ಲ’ ಅನ್ನುವ ಮಾತು ನಿಜವಲ್ಲ. ಒಂದು ಸಭೆಯ ಠರಾವನ್ನು ಇನ್ನೊಂದು ಸಭೆ ಬದಲಿಸಬಹುದು. ಆರು ತಿಂಗಳ ಒಳಗಾದರೆ ನಿಯಮ ಸ್ವಲ್ಪ ಬಿಗಿ, ಅಷ್ಟೇ. ಆದರೆ ಬದಲಿಸಬೇಕಾದವರು ಅದೇ ಸದಸ್ಯರು. ಟಾಕಿ ಸಿಕ್ಕ ಓಣಿಯವರು ಸುಮ್ಮನೆ ಕೂರುವುದಿಲ್ಲ. ಅವರ ಬಾಯಿಂದ ಕಿತ್ತುಕೊಂಡ ಹಾಗೆ ಆದರೆ ಊರಲ್ಲಿ ಎರಡು ಪಾರ್ಟಿ ಆಗುತ್ತದೆ, ಅದು ಮುಂದಿನ ಚುನಾವಣೆ ತನಕ ಉರಿಯುತ್ತದೆ. ಅದಕ್ಕೆ ನನ್ನ ಸಲಹೆ, ಅರ್ಜಿಯಲ್ಲಿ ‘ಅವರಿಗೆ ಬೇಡ, ನಮಗೆ ಕೊಡಿ’ ಅಂತ ಬರೆಯಬೇಡಿ. ‘ನಮ್ಮ ಓಣಿಯ 60 ಮನೆಗೆ ನೀರು ಏರುತ್ತಿಲ್ಲ. ಗ್ರಾಮ ಸಭೆ ಒಪ್ಪಿದ ಕೆಲಸ ಬಾಕಿ ಇದೆ. ಈ ವರ್ಷದ ಯೋಜನೆಯಲ್ಲಿ, ಆಗದಿದ್ದರೆ ಬರುವ ವರ್ಷದ ಯೋಜನೆಯಲ್ಲಿ ಮೊದಲ ಕೆಲಸವಾಗಿ ಸೇರಿಸಿ’ ಅಂತ ಬರೆಯಿರಿ. ಇಂಥ ಬೇಡಿಕೆಗೆ ಕೈ ಎತ್ತಲು ಇತರ ವಾರ್ಡಿನ ಸದಸ್ಯರಿಗೂ ಮುಜುಗರ ಇರುವುದಿಲ್ಲ.

ಇನ್ನೊಂದು ಬಾಗಿಲಿದೆ, ಅದನ್ನು ಜನ ತಟ್ಟುವುದೇ ಕಡಿಮೆ. ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಅದರಲ್ಲಿ ಅರ್ಧ ಹೆಣ್ಣುಮಕ್ಕಳು. ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಮನೆಯ ನಲ್ಲಿಗೇ ಬರಬೇಕು ಅನ್ನೋದು 2019ರಲ್ಲಿ ಶುರುವಾದ ಆ ಯೋಜನೆಯ ಗುರಿ. ನಿಮ್ಮ ಓಣಿಯಲ್ಲಿ ನಲ್ಲಿ ಇದೆ, ನೀರು ಏರುತ್ತಿಲ್ಲ. ಅಂದರೆ ಟಾಕಿಯೊಂದೇ ಪರಿಹಾರ ಅಂತ ಇಲ್ಲ. ನಿಮ್ಮ ದಿನ್ನೆಗೆ ಬೇರೆ ಪೈಪ್‌ಲೈನ್ ಎಳೆದು, ವಾಲ್ವ್ ಇಟ್ಟು, ನೀರಗಂಟಿ ಸರದಿ ಪ್ರಕಾರ ಮೊದಲು ನಿಮ್ಮ ಕಡೆ ಬಿಟ್ಟರೆ ಬೋರಿಗಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಆಗಬಹುದು. ಇಂಜಿನಿಯರ್ ಒಮ್ಮೆ ಬಂದು ಒತ್ತಡ ನೋಡಲಿ ಅಂತ ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ. ಎಷ್ಟೋ ಊರುಗಳಲ್ಲಿ ಸದಸ್ಯರಿಗೇ ತಾವು ಸಮಿತಿಯಲ್ಲಿ ಇರುವುದು ಗೊತ್ತಿರುವುದಿಲ್ಲ.

ಇವು ಯಾವುದಕ್ಕೂ ಪಂಚಾಯಿತಿ ಕಿವಿ ಕೊಡದಿದ್ದರೆ ವಿಶೇಷ ಗ್ರಾಮ ಸಭೆ ಕರೆಯಿರಿ ಅಂತ ಕೇಳಬಹುದು. ಒಟ್ಟು ಮತದಾರರಲ್ಲಿ ನೂರಕ್ಕೆ 10 ಮಂದಿ, ಯಾವ ವಿಷಯಕ್ಕೆ ಸಭೆ ಅಂತ ಬರೆದು ಸಹಿ ಹಾಕಿ ಕೇಳಿದರೆ ಕರೆಯಬೇಕಾಗುತ್ತದೆ. ಇದು ಬಲವಾದ ಹಕ್ಕು. ಆದರೆ ಲೆಕ್ಕ ಹಾಕಿ ನೋಡಿ. ನಿಮ್ಮ ಪಂಚಾಯಿತಿಯಲ್ಲಿ 4,000 ಮತದಾರರಿದ್ದರೆ 400 ಸಹಿ ಬೇಕು. ನಿಮ್ಮ 60 ಮನೆಯಿಂದ ಎಲ್ಲರೂ ಹಾಕಿದರೂ 200 ದಾಟುವುದು ಕಷ್ಟ. ಅದರಲ್ಲೂ ರಾಶಿ ಮುಗಿದ ಮೇಲೆ ಅರ್ಧ ಓಣಿ ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಊರಲ್ಲಿ ಇಲ್ಲದವರ ಸಹಿಯನ್ನು ಇನ್ನೊಬ್ಬರು ಹಾಕಿದರೆ ಇಡೀ ಅರ್ಜಿ ಬಿದ್ದುಹೋಗುತ್ತದೆ, ಮಾನವೂ ಹೋಗುತ್ತದೆ. ಬೇರೆ ಓಣಿಯವರದೂ ನೀರಿನದೇ ದೂರು ಇದ್ದರೆ ಅವರನ್ನು ಸೇರಿಸಿಕೊಂಡು ‘ಇಡೀ ಊರಿನ ನೀರಿನ ವ್ಯವಸ್ಥೆ’ ಅಂತ ವಿಷಯ ಇಟ್ಟರೆ ಮಾತ್ರ ಇದು ಕೈಗೂಡುವ ದಾರಿ.

ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಅಲ್ಲಿಂದ ಜಿಲ್ಲಾ ಪಂಚಾಯಿತಿ ಸಿಇಓಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ) ದೂರು ಕೊಡಬಹುದು. ಕಾಗದ ಕೈಯಲ್ಲಿಲ್ಲದೆ ಹೋದರೆ ನಿಮ್ಮ ದೂರು ‘ಪರಿಶೀಲಿಸಿ ವರದಿ ಕೊಡಿ’ ಅನ್ನುವ ಷರಾದೊಂದಿಗೆ (ಟಿಪ್ಪಣಿಯೊಂದಿಗೆ) ಅದೇ ಪಿಡಿಓ ಮೇಜಿಗೆ ವಾಪಸ್ ಬರುತ್ತದೆ. ಮೂರೂ ನಡಾವಳಿ ಹಚ್ಚಿ ಕೊಟ್ಟರೆ ಅವರೇ ಓದಿ ಕೇಳುತ್ತಾರೆ. ಕೋರ್ಟಿನ ಮಾತು ಈಗ ಬೇಡ. ಕಲಬುರಗಿಯಲ್ಲೇ ಹೈಕೋರ್ಟ್ ಪೀಠ ಇದೆ, ನಿಜ. ಆದರೆ ಟಾಕಿ ಯಾವ ಓಣಿಗೆ ಅನ್ನುವ ಜಗಳಕ್ಕೆ ವಕೀಲರ ಫೀಸು ಕಟ್ಟುವಷ್ಟರಲ್ಲಿ ಎರಡು ಬೇಸಿಗೆ ಕಳೆದಿರುತ್ತವೆ.

ನಿಮ್ಮ ಮನೆಯವರ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಊರಲ್ಲಿ ಬದುಕಬೇಕು. ಹೊಲಕ್ಕೆ ದಾರಿ, ಮದುವೆ, ಸಾವು ಎಲ್ಲದಕ್ಕೂ ಅದೇ ಮಂದಿ ಬೇಕು. ಅದಕ್ಕೆ ಅರ್ಜಿ ಒಬ್ಬರ ಹೆಸರಲ್ಲಿ ಹೋಗುವುದು ಬೇಡ. ಸಂಘದ ಹೆಸರಲ್ಲಿ ಹೋಗಲಿ, ಹತ್ತು ಹದಿನೈದು ಹೆಣ್ಣುಮಕ್ಕಳ ಸಹಿ ಇರಲಿ. ಕೊಡಲು ಹೋಗುವಾಗ ನಾಲ್ಕೈದು ಮಂದಿ ಹೋಗಿ. ಓಣಿಯ ಒಬ್ಬ ಹಿರಿಯರು ಜೊತೆಗಿರಲಿ. ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ (ಸ್ವೀಕೃತಿ) ನಂಬರ್ ಹಾಕಿಸಿಕೊಳ್ಳಿ. ಅದಿಲ್ಲದೆ ಬಾಗಿಲು ದಾಟಬೇಡಿ. ‘ಇಟ್ಟು ಹೋಗ್ರಿ, ಆಮೇಲೆ ಹಾಕ್ತೀವಿ’ ಅಂದರೆ ‘ಕೂಡ್ತೀವಿ ಬಿಡ್ರಿ’ ಅಂತ ಅಲ್ಲೇ ಕೂತುಕೊಳ್ಳಿ. ಜಗಳ ಬೇಡ, ಏರುದನಿ ಬೇಡ.

ಮುಂದಿನ ವಾರ್ಡ್ ಸಭೆಗೆ ಬರೀ ಬಾಯಲ್ಲಿ ಹೋಗಬೇಡಿ. ಬೇಡಿಕೆಯನ್ನು ಅರ್ಧ ಹಾಳೆಯಲ್ಲಿ ಬರೆದು ಒಯ್ಯಿರಿ. ಏನು ಬೇಕು, ಎಲ್ಲಿ ಬೇಕು, ಎಷ್ಟು ಮನೆಗೆ ಅನುಕೂಲ, ಜಾಗ ಯಾರದು, ಇಷ್ಟೇ ಸಾಕು. ಗ್ರಾಮ ಸಭೆಗೆ ಮೊದಲು ಮಹಿಳಾ ಗ್ರಾಮ ಸಭೆ ನಡೆಯುತ್ತದೆ, ಅದಕ್ಕೂ ಅದೇ ಹಾಳೆ ಕೊಡಿ. ನೀರು ಸಾಲದೆ ಶಾಲೆಯ ಮಕ್ಕಳಿಗೂ ತೊಂದರೆ ಆಗುತ್ತಿದ್ದರೆ ಮಕ್ಕಳ ಗ್ರಾಮ ಸಭೆಯಲ್ಲಿ ಅವರೇ ಹೇಳಲಿ. ಮಕ್ಕಳು ಎದ್ದು ನಿಂತು ಕೇಳಿದ್ದನ್ನು ತಳ್ಳಿಹಾಕಲು ದೊಡ್ಡವರಿಗೆ ಕಷ್ಟ ಆಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಭೆ ಮುಗಿಯುವ ಹೊತ್ತಿಗೆ ಎಲ್ಲರೂ ಚಹಾಕ್ಕೆ ಏಳುತ್ತಾರೆ. ಆಗ ನೀವು ಏಳಬೇಡಿ. ‘ಬರ್ದದ್ದು ಒಂದ್ಸಲ ಓದ್ರಿ ಸಾಹೇಬ್ರ’ ಅಂತ ಕೇಳಿ. ಓದುವಾಗ ‘ಚರ್ಚಿಸಲಾಯಿತು’ ಅಂತ ಮಾತ್ರ ಬಂದರೆ, ಅದು ತೀರ್ಮಾನ ಅಲ್ಲ. ‘ಇಂಥ ಓಣಿಯಲ್ಲಿ ಇಂಥ ಕೆಲಸವನ್ನು ಇಂಥ ವರ್ಷದ ಯೋಜನೆಯಲ್ಲಿ ಸೇರಿಸಲು ತೀರ್ಮಾನಿಸಲಾಯಿತು’ ಅಂತ ಬರೆಸಿ, ಅದಾದ ಮೇಲೆ ಸಹಿ ಹಾಕಿ.

ಈಗ ಮೊದಲು ಆ ಮೂರು ಕಾಗದ ತರಿಸಿಕೊಳ್ಳಿ, ಕಾರ್ಯಾದೇಶ ಆಗಿದೆಯೋ ಇಲ್ಲವೋ ತಿಳಿದುಕೊಳ್ಳಿ. ಗ್ರಾಮ ಸಭೆಯ ನಡಾವಳಿಯಲ್ಲಿ ನಿಮ್ಮ ಟಾಕಿಯ ಬಗ್ಗೆ ಯಾವ ಸಾಲು ಇದೆಯೋ ಅದನ್ನು ಹಾಗೇ, ಒಂದಕ್ಷರ ಬಿಡದೆ ನನಗೆ ಬರೆದು ಕಳಿಸಿ. ಇಂಜಿನಿಯರ್ ವರದಿ ಇದ್ದರೆ ಅದನ್ನೂ ಹಚ್ಚಿ. ನೋಡಿದ ಮೇಲೆ ತಾಲ್ಲೂಕಿಗೆ ಕೊಡುವ ದೂರನ್ನು ಹೇಗೆ ಬರೆಯಬೇಕು ಅಂತ ತಿಳಿಸುತ್ತೇನೆ.